ಹೆಸರಿಗೆಂದು ಬಿಟ್ಟ ಜಾಗ

ಸ್ವರಲಿಪಿಯ ಕೆಲಸಕ್ಕೆ ಹೊಸದಾಗಿ ಸೇರುವವರು ನನ್ನನ್ನು ಕಂಡಾಗ ಮೊದಲು ಕೇಳುವುದು ಯಾವ ತಂತ್ರಾಂಶ ಒಳ್ಳೆಯದು ಎಂದು. ಅದಕ್ಕೆ ಉತ್ತರ ಕೊಡುವ ಅರ್ಹತೆ ನನಗೀಗ ಉಳಿದಿಲ್ಲ. ನಾನು ವೃತ್ತಿಯ ಉತ್ತರಾರ್ಧವಿಡೀ ಬಳಸಿದ ತಂತ್ರಾಂಶ ಇಂದಿನ ಯಾವ ಕಂಪ್ಯೂಟರಿನಲ್ಲೂ ತೆರೆದುಕೊಳ್ಳುವುದಿಲ್ಲ. ಅದರ ಕಡತಗಳಲ್ಲಿ ಒಂದನ್ನು ಮಾತ್ರ, ಯಂತ್ರ ಬದಲಾದಾಗಲೆಲ್ಲ ಹೊಸ ರೂಪಕ್ಕೆ ಪರಿವರ್ತಿಸಿ ಉಳಿಸಿಕೊಂಡು ಬಂದಿದ್ದೇನೆ. ಈ ಬರಹಕ್ಕೆ ಆ ಒಂದು ಕಡತವೇ ಕಾರಣ.

ಬರೆಯುವ ಮೊದಲು ಮೂರು ಆಧಾರಗಳನ್ನು ಎದುರಿಗಿಟ್ಟುಕೊಂಡಿದ್ದೇನೆ: ನನ್ನ ಸ್ವಂತ ದಿನಚರಿ, ಸಂಸ್ಥೆಯ ಧ್ವನಿಮುದ್ರಣ ರಿಜಿಸ್ಟರು, ಮತ್ತು ಕಡತದಲ್ಲಿ ಯಾವಾಗ ಯಾರು ಏನು ಬದಲಿಸಿದರೆಂದು ಯಂತ್ರ ತಾನೇ ಬರೆದಿಟ್ಟ ಪಟ್ಟಿಯ ಮುದ್ರಿತ ಪ್ರತಿ. ಮೂರರಲ್ಲಿ ಎರಡಾದರೂ ಒಪ್ಪದ ದಿನವನ್ನು ಇಲ್ಲಿ ಬರೆದಿಲ್ಲ. ಒಬ್ಬರ ಕಾಯಿಲೆಯ ಸಂಗತಿ ಬರುವುದರಿಂದ ಇಸವಿಗಳನ್ನು ಬೇಕೆಂದೇ ಕೈಬಿಟ್ಟು, ತಿಂಗಳನ್ನೂ ವಾರವನ್ನೂ ಉಳಿಸಿಕೊಂಡಿದ್ದೇನೆ.

ನಮ್ಮ ಸಂಸ್ಥೆ ಪರೇಲಿನಲ್ಲಿ, ಹಿಂದೆ ಬಟ್ಟೆ ಗಿರಣಿಯಾಗಿದ್ದ ಕಟ್ಟಡದ ಒಂದು ಮಹಡಿಯಲ್ಲಿತ್ತು. ಹಾಡು ಕಟ್ಟುವ ಆದರೆ ಸ್ವರ ಬರೆಯಲು ಬಾರದ ಜನರಿಗಾಗಿ ಒಂದು ತಂತ್ರಾಂಶ ರೂಪಿಸುವುದು ಅಲ್ಲಿನ ಕೆಲಸ. ಅವರು ಬಂದು ಹಾಡುತ್ತಾರೆ. ನಾವು ಧ್ವನಿ ಮುದ್ರಿಸಿಕೊಂಡು, ಸ್ವರಗಳನ್ನು ಒಂದೊಂದಾಗಿ ಕಂಪ್ಯೂಟರಿಗೆ ಊಡಿಸುತ್ತೇವೆ. ಅದು ಸ ರಿ ಗ ಎಂದು ಕನ್ನಡದಲ್ಲೋ ಮರಾಠಿಯಲ್ಲೋ ಅಚ್ಚು ಹಾಕಿಕೊಡುತ್ತದೆ, ಕೊಳಲಿನಂಥ ದನಿಯಲ್ಲಿ ನುಡಿಸಿಯೂ ತೋರಿಸುತ್ತದೆ. ಕನ್ನಡದ ಹಾಡುಗಳ ಭಾಗ ನನ್ನದಾಗಿತ್ತು.

ನಾನು ಸೇರಿದಾಗ ಕಂಪ್ಯೂಟರು ಇರಲಿಲ್ಲ. ಟೇಪನ್ನು ಹಿಂದಕ್ಕೂ ಮುಂದಕ್ಕೂ ಓಡಿಸುತ್ತ ಗೀಟು ಕಾಗದದ ಮೇಲೆ ಪೆನ್ಸಿಲಿನಿಂದ ಬರೆಯುತ್ತಿದ್ದೆವು. ಆಗಿನ ಮುಖ್ಯಸ್ಥೆ ಕೇಳಕರ್ ಮೇಡಂ. ತಾಯಿಯ ತವರು ಧಾರವಾಡವಾದ್ದರಿಂದ ಅವರ ಮರಾಠಿಯೊಳಗೆ ಕನ್ನಡ ತಾನಾಗಿ ನುಗ್ಗುತ್ತಿತ್ತು. ಒಂದು ಪುಟಕ್ಕೆ ಒಂದು ದಿನವಾದರೂ ಅವರು ಗದರಿದವರಲ್ಲ; ಆದರೆ ರಿಜಿಸ್ಟರಿನ ಕೊನೆಯ ಕಾಲಂ, ಷರಾ ಎಂಬುದು, ಖಾಲಿ ಇದ್ದರೆ ಸಹಿಸುತ್ತಿರಲಿಲ್ಲ. ಹಾಡುವವರು ಹಾಡಿನ ಮೊದಲು ಆಡಿದ ಮಾತನ್ನೆಲ್ಲ ಅಲ್ಲಿ ಬರೆಯಬೇಕೆಂಬುದು ಅವರ ಕಟ್ಟುನಿಟ್ಟು. ನಾನೊಮ್ಮೆ, ಅವರು ಕೆಮ್ಮಿದ್ದನ್ನೂ ಬರೆಯಬೇಕೆ ಎಂದು ಕೇಳಿದೆ.

“ಕೆಮ್ಮು ಯಾಕೆ ಬಂತು ಅಂತ ನಿನಗೆ ಮಾಲೂಮ್ ಇದೆಯಾ? ಇಲ್ಲ ನಾ? ಮಗ್ ಲಿಹೂನ್ ಠೇವ್. ಬರೆದಿಡು. ಗೊತ್ತಿಲ್ಲದ್ದನ್ನೇ ಬರೆದಿಡೋದು, ಗೊತ್ತಿದ್ದದ್ದು ತಲೆಯಲ್ಲಿ ಇರುತ್ತೆ,” ಎಂದರು.

ಆ ಮಾತನ್ನು ಅಂದೇ ದಿನಚರಿಯಲ್ಲಿ ಬರೆದುಕೊಂಡಿದ್ದೇನೆ. ಅದರ ಎರಡನೆಯ ಭಾಗ ನಿಜವಲ್ಲವೆಂದು ತಿಳಿಯಲು ನನಗೆ ನಿವೃತ್ತಿಯವರೆಗೆ ಸಮಯ ಬೇಕಾಯಿತು.

ತಂತ್ರಾಂಶ ಬಂದ ಮೇಲೆ ಕೆಲಸದ ಸ್ವಭಾವವೇ ಬದಲಾಯಿತು. ಪರದೆಯ ಮೇಲೆ ಹಾಡಿನ ಪ್ರತಿ ಸಾಲೂ ಎಂಟೆಂಟು ಮಾತ್ರೆಗಳ ಮನೆಗಳಾಗಿ ಕಾಣುತ್ತಿತ್ತು. ಹಾಡಿದವರು ಎಲ್ಲಾದರೂ ಎಳೆದೋ ನಿಲ್ಲಿಸಿಯೋ, ಸ್ವರಗಳು ಮನೆಯ ಗೋಡೆಯನ್ನು ದಾಟಿದರೆ ಅಲ್ಲಿ ಒಂದು ಕೆಂಪು ಗೆರೆ ಮೂಡುತ್ತಿತ್ತು. ಆ ಗೆರೆಯ ಮೇಲೆ ಒತ್ತಿದರೆ ‘ಸರಿಪಡಿಸು’ ಎಂಬ ಗುಂಡಿ. ಅದನ್ನು ಒತ್ತಿದೊಡನೆ ಹೆಚ್ಚಿನದು ಕತ್ತರಿಸಿಹೋಗಿ ಎಲ್ಲವೂ ಎಂಟಕ್ಕೆ ಕೂಡುತ್ತಿತ್ತು.

ಆ ಗುಂಡಿಯಲ್ಲಿ ನನಗೆ ನಂಬಿಕೆ ಹುಟ್ಟಿಸಿದವರು ರಾಮಮೂರ್ತಿ. ಮೈಸೂರಿನವರು, ಚೆಂಬೂರಿನ ನಮ್ಮ ಕಾಲನಿಯಲ್ಲೇ ಮನೆ, ರಿಫೈನರಿಯಲ್ಲಿ ಕೆಲಸ. ಲೋಕಲ್ ಗಾಡಿಯಲ್ಲಿ ನಿಂತುಕೊಂಡು ದೇವರನಾಮ ಕಟ್ಟುವುದು ಅವರ ಅಭ್ಯಾಸವಾಗಿತ್ತು. ಅದರಿಂದಲೋ ಏನೋ, ಅವರ ಹಾಡು ಸ್ಟೇಷನ್ನು ಹತ್ತಿರ ಬಂದಂತೆ ನಿಧಾನವಾಗಿ, ಬಿಟ್ಟ ಮೇಲೆ ಓಡಲು ತೊಡಗುತ್ತಿತ್ತು. ಪರದೆಯ ತುಂಬ ಕೆಂಪು. ನಾನು ಗುಂಡಿ ಒತ್ತುತ್ತ ಹೋಗಿ, ತಿದ್ದಿದ ಪ್ರತಿಯನ್ನು ದಂಪತಿಗಳ ಎದುರಿಗೆ ನುಡಿಸಿದೆ.

“ಏನಮ್ಮಾ ಇದು, ನಾನೇ ಹಾಡಿದ್ದಾ? ಇಷ್ಟು ನೆಟ್ಟಗೆ ನಾನು ಹುಟ್ಟಿದಾಗಿನಿಂದ ಹಾಡಿಲ್ಲ,” ಎಂದರು ರಾಮಮೂರ್ತಿ.

“ಆ ಗುಂಡೀನ ಮನೆಗೂ ಒಂದು ಕೊಡ್ತೀರಾ? ಹಾಡು ಬಿಡಿ, ಇವರನ್ನೇ ಒಂದ್ಸಲ ಒತ್ತಿ ನೋಡ್ತೀನಿ,” ಎಂದರು ಅವರ ಪತ್ನಿ.

ಎಲ್ಲರೂ ನಕ್ಕೆವು. ಅವರಿಗೆ ಹಿತವಾಗಿದ್ದು ಇತರರಿಗೂ ಹಿತವೆಂದು ನಾನು ಆ ದಿನ ತೀರ್ಮಾನಿಸಿರಬೇಕು. ಅಲ್ಲಿಂದ ಮುಂದೆ ಕೆಂಪು ಗೆರೆ ಕಂಡರೆ ಬೆರಳು ತಾನಾಗಿ ಮುಂದೆ ಹೋಗುತ್ತಿತ್ತು.

ಗಂಗವ್ವ ನಮ್ಮಲ್ಲಿಗೆ ಬಂದದ್ದು ಏಪ್ರಿಲ್ ತಿಂಗಳ ಒಂದು ಗುರುವಾರ. ದಿನಚರಿ ಮತ್ತು ರಿಜಿಸ್ಟರು ಎರಡೂ ಒಪ್ಪುತ್ತವೆ. ಅಷ್ಟರಲ್ಲಿ ಕೇಳಕರ್ ಮೇಡಂ ನಿವೃತ್ತರಾಗಿ ಹೊಸ ನಿರ್ದೇಶಕರು ಬಂದಿದ್ದರು. ಗಂಗವ್ವ ವಿಜಯಪುರ ಜಿಲ್ಲೆಯಿಂದ ಬಂದು ವಡಾಲದಲ್ಲಿ ನೆಲೆಸಿದವರು. ಹತ್ತಿರದ ಆಸ್ಪತ್ರೆಯೊಂದರಲ್ಲಿ ಕಸ ಗುಡಿಸುವ ಕೆಲಸ. ಬೆಳಗಿನ ಪಾಳಿ ಮುಗಿಸಿ, ಆಸ್ಪತ್ರೆಯ ಸೀರೆಯಲ್ಲೇ ಮಹಡಿ ಹತ್ತಿ ಬಂದಿದ್ದರು. ದನಿ ಒಡೆದಿತ್ತು, ಮಾತಿನ ನಡುವೆ ಗಂಟಲ ಮೇಲೆ ಎರಡು ಬೆರಳಿಟ್ಟುಕೊಳ್ಳುತ್ತಿದ್ದರು.

“ಅಕ್ಕಾರ, ಇಲ್ಲೆ ಹಾಡ ಬರದ ಇಡ್ತೀರಂತ. ಖರೇ ಏನ್ರಿ?”

ಹೌದೆಂದು ಕೂರಿಸಿದೆ. ಅವರು ಹೇಳಿದ್ದನ್ನು ಸಂಗ್ರಹಿಸಿ ಬರೆಯುತ್ತೇನೆ. ಮುಂದಿನ ಮಂಗಳವಾರ ಅವರ ಗಂಟಲಿಗೆ ಶಸ್ತ್ರಚಿಕಿತ್ಸೆ ನಿಗದಿಯಾಗಿತ್ತು. ಆಮೇಲೆ ಜೀವ ಉಳಿಯಬಹುದು, ದನಿ ಉಳಿಯುವುದಿಲ್ಲವೆಂದು ವೈದ್ಯರು ಮುಚ್ಚುಮರೆಯಿಲ್ಲದೆ ತಿಳಿಸಿದ್ದರು. ಅವರ ಕಾಲನಿಯಲ್ಲಿ ಉತ್ತರ ಕರ್ನಾಟಕದ ಕುಟುಂಬಗಳೇ ಹೆಚ್ಚು. ಯಾರ ಮನೆಯಲ್ಲಿ ತೊಟ್ಟಿಲು ಕಟ್ಟಿದರೂ ಗಂಗವ್ವ ಆ ಮಗುವಿಗೆಂದೇ ಒಂದು ಹೊಸ ಹಾಡು ಕಟ್ಟಿ ಹಾಡುವ ರೂಢಿ ಬೆಳೆದಿತ್ತು. ಈಗ ಅವರ ಒಬ್ಬಳೇ ಮಗಳು ಮಹಾದೇವಿ ಗರ್ಭಿಣಿ.

“ಮಗಳಿಗೆ ಏಳ ತಿಂಗಳ ನಡದೈತ್ರಿ. ಕೂಸ ಬರೂದ್ರಾಗ ನನ್ನ ದನಿ ಹೋಗಿರ್ತೈತಿ. ಊರ ಮಂದಿ ಕೂಸಿಗೆಲ್ಲಾ ಹಾಡೀನಿ, ನನ್ನ ಮಗಳ ಕೂಸಿಗೆ ಮೂಕಿ ಹಂಗ ನಿಂದರಲೇನ್ರಿ? ಅದಕ್ಕ ಈಗ ಹಾಡಿ ಇಡ್ತೀನಿ.”

ಸಂಶೋಧಕಿಯ ಆಸೆ ನನ್ನದು. ಬೇರೆ ಮನೆಗಳಿಗೆ ಕಟ್ಟಿದ ಹಾಡುಗಳನ್ನೂ ಹಾಡಬಹುದೇ ಎಂದು ಕೇಳಿದೆ. ಅವರು ತಲೆಯಾಡಿಸಿದರು. ಒಂದು ಮನೆಗೆ ಕೊಟ್ಟದ್ದನ್ನು ಇನ್ನೊಂದು ಕಡೆ ಹಾಡಿದರೆ ಕೊಟ್ಟದ್ದನ್ನು ಹಿಂದಕ್ಕೆ ಇಸಿದುಕೊಂಡಂತೆ ಎಂಬುದು ಅವರು ತಮಗೆ ತಾವೇ ಹಾಕಿಕೊಂಡ ಕಟ್ಟಳೆ. ಹೀಗಾಗಿ ಅವರ ದನಿಯಲ್ಲಿ ನಮಗೆ ಸಿಕ್ಕಿದ್ದು ಒಂದೇ ಹಾಡು.

ಧ್ವನಿಮುದ್ರಣದ ಕೋಣೆಯಲ್ಲಿ ಬಳೆ ತೊಟ್ಟು ಹಾಡುವಂತಿರಲಿಲ್ಲ. ಮೈಕಿಗೆ ಸದ್ದು ಬೀಳುತ್ತದೆಂದು ಎಲ್ಲ ಹೆಣ್ಣುಮಕ್ಕಳಿಗೂ ತೆಗೆಸುತ್ತಿದ್ದೆವು. ಗಂಗವ್ವನ ಎರಡೂ ಕೈಗಳಲ್ಲಿ ಹಸಿರು ಗಾಜಿನ ಬಳೆಗಳಿದ್ದವು.

“ಬಳಿ ತಗಿ ಅನಬ್ಯಾಡ್ರಿ ಅಕ್ಕಾರ. ಮನ್ಯಾಗ ಗಂಡ ಅದಾನ. ಕುಡಿಯಂಗಿಲ್ಲ, ಹೊಡಿಯಂಗಿಲ್ಲ. ಅಂಥಾವ್ನ ಸಲುವಾಗಿ ಇಷ್ಟರ ಹಾಕ್ಕೋಬೇಕಲ್ರಿ,” ಎಂದು ನಕ್ಕರು.

ನಾನು ನನ್ನ ಕರವಸ್ತ್ರವನ್ನು ಅವರ ಬಲಗೈ ಬಳೆಗಳ ಸುತ್ತ ಬಿಗಿದು ಕಟ್ಟಿದೆ. ಎಡಗೈಗೆ ಅವರ ಸೆರಗಿನ ತುದಿಯನ್ನೇ ಸುತ್ತಿದೆ. ಬಾಯಿ ಕಟ್ಟಿದ ಹಾಗಾಯಿತು ಅವಕ್ಕೆ ಎಂದರು. ನಂತರ ಹಾಡಿದರು. ನಾಲ್ಕು ನುಡಿಯ ಹಾಡು. ಮೊದಲ ನುಡಿ ಹೀಗಿತ್ತು:

ನಳದಾಗ ನೀರ ಬಂತು, ನೀ ಏಳಬ್ಯಾಡ . . .
ನಿನ ಪಾಲಿನ ಕೊಡ ನಾ ತುಂಬೀನಿ.

ಚುಕ್ಕಿ ಇಟ್ಟ ಕಡೆ ಅವರು ಸುಮ್ಮನಾಗುತ್ತಿದ್ದರು. ಪ್ರತಿ ನುಡಿಯಲ್ಲೂ ಅಂಥದೊಂದು ಮೌನ. ಒಂದು ದೀರ್ಘ, ಒಂದು ಗಿಡ್ಡ. ಗಾಜಿನಾಚೆಯಿಂದ ನೋಡುತ್ತಿದ್ದ ನನಗೆ, ಆ ಹೊತ್ತಿನಲ್ಲಿ ಅವರ ಬಲಗೈ ಮುಂದಕ್ಕೆ ಹೋಗಿ ಹಿಂದಕ್ಕೆ ಬರುವುದು ಕಾಣುತ್ತಿತ್ತು. ಬಳೆಗಳು ಬಟ್ಟೆಯೊಳಗಿದ್ದವು, ಮೈಕಿಗೆ ಏನೂ ಕೇಳಲಿಲ್ಲ. ಗಂಟಲು ನೋವಿಗೆ ದಣಿವಾರಿಸಿಕೊಳ್ಳುತ್ತಿದ್ದಾರೆಂದು ಭಾವಿಸಿದೆ. ಇದು ನನ್ನ ನೆನಪು ಹೇಳುವ ಪಾಠ. ರಿಜಿಸ್ಟರಿನ ಪಾಠ ಬೇರೆಯಿದೆ, ಅದು ಮುಂದೆ ಬರುತ್ತದೆ.

ಹೋಗುವಾಗ ಕರವಸ್ತ್ರವನ್ನು ಬಿಚ್ಚಿ, ಮಡಚಿ, ಕಣ್ಣಿಗೊತ್ತಿಕೊಂಡು ಹಿಂದಿರುಗಿಸಿದರು. ಮಂಗಳವಾರ ಚಿಕಿತ್ಸೆ ಆಯಿತು.

ಮೇ ತಿಂಗಳಲ್ಲಿ ಹೊಸ ನಿರ್ದೇಶಕರು ಅತಿಥಿಗಳ ಎದುರು ತಂತ್ರಾಂಶದ ಪ್ರದರ್ಶನ ಏರ್ಪಡಿಸಿದ್ದರು. ಒಂದು ಕಡತದಲ್ಲೂ ಕೆಂಪು ಗೆರೆ ಕಾಣಬಾರದೆಂಬುದು ಅವರ ಸೂಚನೆ. ವಾರವಿಡೀ ರಾಶಿ ಬಿದ್ದಿದ್ದ ಹಾಡುಗಳನ್ನು ಕುಳಿತು ಮುಗಿಸಿದೆವು. ಶುದ್ಧಪ್ರತಿಗೆ ಸಹಿ ಬಿದ್ದ ಮೇಲೆ ಮೂಲ ಧ್ವನಿಯನ್ನು ಅಳಿಸುವುದು ಆಗಿನ ಪದ್ಧತಿ. ಕಂಪ್ಯೂಟರಿನಲ್ಲಿ ಜಾಗ ಅಷ್ಟು ಕಡಿಮೆಯಿತ್ತು. ಸ್ವರ ಬರೆದಾದ ಮೇಲೆ ದನಿ ಏಕೆ ಬೇಕು ಎಂದು ನಾವೆಲ್ಲರೂ ತಿಳಿದಿದ್ದೆವು. ಈ ತಿಳಿವಳಿಕೆಯನ್ನು ಮೇಲಿನವರು ನನ್ನ ಮೇಲೆ ಹೇರಿದರೆಂದು ಹೇಳಲಾರೆ. ನಾನೂ ಹಾಗೆಯೇ ನಂಬಿದ್ದೆ.

ಜುಲೈ ತಿಂಗಳಲ್ಲಿ ಮಹಾದೇವಿಯ ಮಗುವಿಗೆ ತೊಟ್ಟಿಲು ಕಟ್ಟಿದರು. ಹೆಣ್ಣು ಮಗು. ನಾನು ಲ್ಯಾಪ್‌ಟಾಪನ್ನೂ ಒಂದು ಸಣ್ಣ ಸ್ಪೀಕರನ್ನೂ ಚೀಲದಲ್ಲಿಟ್ಟುಕೊಂಡು ಚೆಂಬೂರಿನಿಂದ ಹಾರ್ಬರ್ ಲೈನಿನ ಗಾಡಿ ಹತ್ತಿದೆ. ಅಂದು ಭಾನುವಾರ, ಕೂರಲು ಜಾಗ ಸಿಕ್ಕಿತ್ತೆಂದು ದಿನಚರಿ ಹೇಳುತ್ತದೆ. ಯಂತ್ರ ರಾಗವನ್ನು ನುಡಿಸುವುದು, ಹೆಂಗಸರು ಅದರೊಡನೆ ಗಂಗವ್ವನ ಮಾತುಗಳನ್ನು ಹಾಡುವುದು ಎಂದು ಗೊತ್ತುಮಾಡಿಕೊಂಡಿದ್ದೆವು. ಸಾಹಿತ್ಯವನ್ನೂ ಸ್ವರವನ್ನೂ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿ ತಂದಿದ್ದೆ.

ಬಿಲ್ಡಿಂಗಿನ ಎರಡನೆಯ ಮಹಡಿಯ ಆ ಒಂದು ಕೋಣೆಯಲ್ಲಿ ಇಪ್ಪತ್ತು ಮಂದಿಯಾದರೂ ಇದ್ದರು. ಗಂಗವ್ವ ತೊಟ್ಟಿಲ ಹಗ್ಗ ಹಿಡಿದು ನಿಂತಿದ್ದರು. ಕುತ್ತಿಗೆಗೆ ಬಿಳಿಯ ಬಟ್ಟೆ. ನನ್ನನ್ನು ನೋಡಿ ಕಣ್ಣಲ್ಲೇ ಬರಮಾಡಿಕೊಂಡರು. ಸೋದರತ್ತೆ ಮಗುವಿನ ಕಿವಿಯಲ್ಲಿ ಹೆಸರು ಹೇಳಿದಳು: ವೈಷ್ಣವಿ. ನಾನು ಯಂತ್ರವನ್ನು ಆರಂಭಿಸಿದೆ.

ನಳದಾಗ ನೀರ ಬಂತು, ನೀ ಏಳಬ್ಯಾಡ, ಎನ್ನುವವರೆಗೆ ಎಲ್ಲರೂ ಕೂಡಿ ಹಾಡಿದರು. ಗಂಗವ್ವ ತೊಟ್ಟಿಲನ್ನು ತಳ್ಳಿದರು. ಅದು ಆಚೆ ಹೋಗಿ ಇನ್ನೂ ತಿರುಗಿರಲಿಲ್ಲ. ಅಷ್ಟರಲ್ಲಿ ಯಂತ್ರ ಎರಡನೆಯ ಸಾಲಿನ ಅರ್ಧದಲ್ಲಿತ್ತು. ಹೆಂಗಸರ ಬಾಯಿ ತೆರೆದೇ ಉಳಿಯಿತು. ಯಾರೋ ‘ವೈ’ ಎಂದು ತೊಡಗಿ ನಿಲ್ಲಿಸಿದರು. ಎರಡನೆಯ ನುಡಿಯಲ್ಲೂ ಹಾಗೆಯೇ ಆಯಿತು. ಗಂಗವ್ವ ಹಗ್ಗ ಬಿಟ್ಟು ಬಂದು, ಲ್ಯಾಪ್‌ಟಾಪಿನ ಮುಚ್ಚಳದ ಮೇಲೆ ಅಂಗೈ ಇಟ್ಟು ಮೆಲ್ಲಗೆ ಮುಚ್ಚಿದರು.

“ಕೂಸಿನ ಹೆಸರ ಎಲ್ಲೈತ್ರಿ ಇದ್ರಾಗ?” ಎಂದು ಹಿರಿಯ ಹೆಂಗಸೊಬ್ಬಳು ಕೇಳಿದಳು.

ಉತ್ತರ ಕೊಟ್ಟವಳು ಮಹಾದೇವಿ. “ಅವ್ವ ಅಲ್ಲೆ ನಿಂದರ್ತಾಳ್ರಿ ಯಾವಾಗ್ಲೂ. ತೊಟ್ಲ ಹೋಗಿ ಬರೂತನಾ. ಆ ಟೈಮಿಗೆ ಮಂದಿಯೆಲ್ಲಾ ಕೂಡಿ ಹೆಸರ ಅನ್ನೂದು. ಈ ಹಾಡ ಕಟ್ಟಿದಾಗ ಹೆಸರ ಇನ್ನಾ ಇಟ್ಟಿರಲಿಲ್ಲಲ್ರಿ, ಅದಕ್ಕ ಖಾಲಿ ಬಿಟ್ಟಿದ್ಲು.”

ಆಗ ನನಗೆ ಆ ಕೈಯ ಚಲನೆ ಅರ್ಥವಾಯಿತು. ಗಂಟಲಿನ ದಣಿವೆಂದು ನಾನು ತಿಳಿದದ್ದು ತೊಟ್ಟಿಲು ಹೋಗಿಬರುವ ಹೊತ್ತು. ಬಳೆಗಳನ್ನು ಕಟ್ಟಿರದಿದ್ದರೆ ಹೋಗುವಾಗ ಒಂದು ಸದ್ದು, ಬರುವಾಗ ಒಂದು ಸದ್ದು ಧ್ವನಿಮುದ್ರಣದಲ್ಲಿ ಕೇಳುತ್ತಿತ್ತು. ಖಾಲಿ ಜಾಗ ಖಾಲಿಯಲ್ಲವೆಂದು ಯಾರಿಗಾದರೂ ತಿಳಿಯುತ್ತಿತ್ತು.

ಎಲ್ಲರೂ ನನ್ನತ್ತ ನೋಡುತ್ತಿದ್ದರು. “ಮಷೀನು ತಾನಾಗಿಯೇ ಆ ಜಾಗ ಮುಚ್ಚಿಬಿಟ್ಟಿದೆ, ಮಹಾದೇವಿ,” ಎಂದೆ. ಆ ಕ್ಷಣದಲ್ಲಿ ಸುಳ್ಳು ಹೇಳುತ್ತಿದ್ದೇನೆಂಬ ಅರಿವು ನನಗಿರಲಿಲ್ಲ. ಹಾಗೆಂದು ಇಂದೂ ನಂಬುತ್ತೇನೆ, ಆದರೆ ಈ ಒಂದು ಸಂಗತಿಗೆ ಎರಡನೆಯ ಆಧಾರವಿಲ್ಲ.

ಗಂಗವ್ವ ನನ್ನನ್ನು ಬಹಳ ಹೊತ್ತು ನೋಡಿದರು. ಹೆಂಗಸರು ಎಲ್ಲರಿಗೂ ಬರುವ ಯಾವುದೋ ಹಳೆಯ ಜೋಗುಳ ಎತ್ತಿಕೊಂಡರು. ಇಡೀ ಕಾಲನಿಯಲ್ಲಿ ಅನೇಕ ಮಕ್ಕಳಿಗೆ ಸ್ವಂತದ ಹಾಡಿತ್ತು. ಗಂಗವ್ವನ ಮೊಮ್ಮಗಳು ಎಲ್ಲರ ಹಾಡಿನಲ್ಲಿ ತೊಟ್ಟಿಲೇರಿದಳು. ನಾನು ಹೊರಡುವಾಗ ಗಂಗವ್ವ ಬಾಗಿಲವರೆಗೆ ಬಂದು ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಒತ್ತಿದರು. ಬಳೆಗಳು ಸದ್ದು ಮಾಡಿದವು. ಯಂತ್ರದ ತಪ್ಪಿಗೆ ನನ್ನನ್ನು ಸಮಾಧಾನಪಡಿಸುತ್ತಿದ್ದಾರೆಂದು ತಿಳಿದೆ.

ಮರುದಿನ ಬೆಳಗ್ಗೆ ಮೂಲ ಧ್ವನಿಗಾಗಿ ಹುಡುಕಿದೆ. ಮೇ ತಿಂಗಳಲ್ಲೇ ಅಳಿಸಿಹೋಗಿತ್ತು. ಗಂಗವ್ವನ ದನಿ ಎಲ್ಲಿಯೂ ಉಳಿದಿರಲಿಲ್ಲ.

ಆಗಸ್ಟಿನ ಒಂದು ಬುಧವಾರ, ಆಸ್ಪತ್ರೆಯ ತಪಾಸಣೆ ಮುಗಿಸಿ ಅವರು ನಮ್ಮ ಮಹಡಿಗೆ ಬಂದರು. ನಾನೇ ಹೇಳಿಕಳುಹಿಸಿದ್ದೆ. ಕಡತ ತೆರೆದು, ಸಾಲಿನ ಕೊನೆಯಲ್ಲಿ ಜಾಗ ಬಿಡಿಸಿ, ಎಷ್ಟು ಎಂದು ಕೇಳಿದೆ. ಅವರು ಕೈಯನ್ನು ತೂಗಿ ತೋರಿಸಿದರು; ಈ ಸಲ ಕರವಸ್ತ್ರ ಕಟ್ಟಲಿಲ್ಲ. ಗಡಿಯಾರ ಹಿಡಿದು ಅಳೆದೆ. ಮೂರು ಸಲ ತೂಗಿದರು, ಮೂರು ಸಲವೂ ಅಳತೆ ಬೇರೆ ಬಂತು. ಯಾವುದು ಸರಿ ಎಂದು ಕೇಳಿದ್ದಕ್ಕೆ ಅವರು ನಕ್ಕು, ಬೆರಳುಗಳನ್ನು ಬಾಯಿಯ ಬಳಿ ತೆರೆದು ಮುಚ್ಚಿ, ಸುತ್ತಲೂ ಕೈ ತೋರಿಸಿದರು. ಎಲ್ಲರೂ ಹೇಳಿ ಮುಗಿಸುವವರೆಗೆ ಎಂದರ್ಥ.

ಬೇಕಾದಷ್ಟು ಹೊತ್ತು ನಿಲ್ಲಬಹುದೆಂದು ಸೂಚಿಸುವ ಚಿಹ್ನೆ ಸ್ವರಲಿಪಿಯಲ್ಲಿದೆ. ಕಾಗದದ ಮೇಲೆ ಅದನ್ನು ಹಾಕಿದೆ. ಆದರೆ ಯಂತ್ರಕ್ಕೆ ಒಂದು ಸಂಖ್ಯೆ ಬೇಕು. ಮೂರು ಅಳತೆಗಳಲ್ಲಿ ನಡುವಿನದನ್ನು ಕೊಟ್ಟೆ. ಅದನ್ನು ಅವರಿಗೆ ವಿವರಿಸಿದಾಗ, ಇರಲಿ ಬಿಡಿ ಎಂಬಂತೆ ಕೈಯಾಡಿಸಿದರು. ದೀಪಾವಳಿಯ ಹಿಂದಿನ ವಾರ ತೀರಿಕೊಂಡರು.

ಮಧ್ಯದ ವರ್ಷಗಳನ್ನು ಬಿಡುತ್ತೇನೆ. ತಂತ್ರಾಂಶಗಳು ಸುಧಾರಿಸಿದವು, ನನಗೆ ಬಡ್ತಿಯೂ ಸಿಕ್ಕಿತು. ಉಪನ್ಯಾಸಗಳಲ್ಲಿ ಈ ಪ್ರಸಂಗವನ್ನು ಯಂತ್ರದ ಮಿತಿಗೆ ಉದಾಹರಣೆಯಾಗಿ ಎಷ್ಟೋ ಸಲ ಹೇಳಿದ್ದೇನೆ. ಕೇಳಿದವರು ಯಂತ್ರವನ್ನು ಶಪಿಸಿ ಕಾಫಿ ಕುಡಿದು ಹೋಗಿದ್ದಾರೆ.

ನಿವೃತ್ತಳಾದ ಎರಡನೆಯ ವರ್ಷ ಸಂಸ್ಥೆ ಪರೇಲಿನ ಮಹಡಿಯನ್ನು ಖಾಲಿ ಮಾಡಿತು. ಹಳೆಯ ರಿಜಿಸ್ಟರುಗಳು ರದ್ದಿಗೆ ಹೋಗುವ ಮೊದಲು ಬೇಕಾದ್ದನ್ನು ಒಯ್ಯಬಹುದೆಂದು ಫೋನು ಬಂತು. ಈ ನೆನಪುಗಳನ್ನು ಬರೆಯುವ ಯೋಚನೆ ಆಗಲೇ ಇತ್ತು. ಎರಡು ಚೀಲ ತುಂಬಿ ತಂದು, ಚೆಂಬೂರಿನ ಮನೆಯಲ್ಲಿ ಊಟದ ಮೇಜಿನ ಮೇಲೆ ಹರಡಿಕೊಂಡು, ದಿನಗಳನ್ನು ಒಂದಕ್ಕೊಂದು ತಾಳೆ ನೋಡಲು ಕುಳಿತೆ.

ಏಪ್ರಿಲಿನ ಆ ಗುರುವಾರದ ಪುಟದಲ್ಲಿ, ಷರಾ ಕಾಲಂನಲ್ಲಿ, ನನ್ನ ಕೈಬರಹವಿತ್ತು: “ನುಡಿಗೊಮ್ಮೆ ಹೆಸರಿಗೆ ಜಾಗ ಬಿಡುತ್ತಾರೆ. ತೊಟ್ಟಿಲು ಹೋಗಿ ಬರುವಷ್ಟು. ಮುಚ್ಚಕೂಡದು.” ಕೊನೆಯ ಪದದ ಕೆಳಗೆ ಎರಡು ಗೆರೆ.

ಕೇಳಕರ್ ಮೇಡಂ ಕಲಿಸಿದ್ದನ್ನು ನಾನು ಚಾಚೂ ತಪ್ಪದೆ ಪಾಲಿಸಿದ್ದೆ. ಬರೆದಿಟ್ಟಿದ್ದೆ. ಬರೆದಿಟ್ಟೆನೆಂಬ ನಿಶ್ಚಿಂತೆಯಲ್ಲಿ ಮರೆತಿದ್ದೆ.

ಪುಟವನ್ನು ನೋಡುತ್ತ ಆ ದಿನದ ಇನ್ನೊಂದು ತುಣುಕು ಹಿಂದಿರುಗಿತು. ಗಂಗವ್ವ ಕೋಣೆಯೊಳಗೆ ಹೋಗುವ ಮೊದಲು, ನಾನು ಕರವಸ್ತ್ರದ ಗಂಟು ಹಾಕುತ್ತಿದ್ದಾಗ, ಹೆಸರಿನ ಜಾಗದ ಮಾತನ್ನು ಹೇಳಿದ್ದರು. ನಾನು ಗಂಟು ಮುಗಿಸಿ ರಿಜಿಸ್ಟರಿಗೆ ಬಾಗಿದಾಗ ಪಕ್ಕದಲ್ಲೇ ನಿಂತು ನೋಡಿದರು. ಅವರಿಗೆ ಓದಲು ಬರುತ್ತಿರಲಿಲ್ಲ.

“ಬರಕೊಂಡ್ರೇನ್ರಿ ಅಕ್ಕಾರ?” ಎಂದು ಕೇಳಿದರು.

“ಬರೆದುಕೊಂಡೆ ಗಂಗವ್ವ,” ಎಂದೆ.

ಇನ್ನು ಉಳಿದದ್ದು ಯಂತ್ರದ ಪಟ್ಟಿ. ಪ್ರತಿ ಬದಲಾವಣೆಯ ಮುಂದೆ, ಅದನ್ನು ಯಂತ್ರ ತಾನಾಗಿ ಮಾಡಿತೋ ಮನುಷ್ಯರು ಮಾಡಿದರೋ ಎಂಬ ಗುರುತಿರುತ್ತದೆ. ಏಪ್ರಿಲ್ ಗುರುವಾರ: ಯಂತ್ರವು ಹಾಡನ್ನು ಜಾಗಗಳ ಸಮೇತ ಉಳಿಸಿಕೊಂಡಿದೆ, ನಾಲ್ಕು ಕೆಂಪು ಗೆರೆ ಹಾಕಿ ಕಾದಿದೆ. ಮೇ ತಿಂಗಳ ಎರಡನೆಯ ಸೋಮವಾರ: ನಾಲ್ಕು ಕಡೆ ‘ಸರಿಪಡಿಸು’, ನಾಲ್ಕೂ ನನ್ನ ಹೆಸರಿನಲ್ಲಿ. ಅದೇ ಶುಕ್ರವಾರ: ಮೂಲ ಧ್ವನಿ ರದ್ದು. ಆ ಸೋಮವಾರದ ದಿನಚರಿ ತೆಗೆದು ನೋಡಿದೆ. ಕೆಲಸವೆಲ್ಲ ಮುಗಿಯಿತು, ಮನಸ್ಸು ಹಗುರವಾಗಿದೆ ಎಂದು ಬರೆದಿದ್ದೇನೆ. ಮೂರು ಆಧಾರಗಳೂ ಒಪ್ಪಿದವು.

ತೊಟ್ಟಿಲ ದಿನ ಯಂತ್ರದ ಮೇಲೆ ತಪ್ಪು ಹೊರಿಸಿದಾಗ ಆ ಕೋಣೆಯಲ್ಲಿ ನಿಜ ತಿಳಿದಿದ್ದವರು ಒಬ್ಬರಿದ್ದರು. ನಾನು ಬರೆದುಕೊಂಡದ್ದನ್ನು ಅವರು ಕಣ್ಣಾರೆ ನೋಡಿದ್ದರು. ಅವರಿಗೆ ದನಿಯಿರಲಿಲ್ಲ. ದನಿ ಇದ್ದಿದ್ದರೂ ಹೇಳುತ್ತಿದ್ದರೆಂದು ನನಗೆ ತೋರುವುದಿಲ್ಲ. ಬಾಗಿಲಲ್ಲಿ ಕೈ ಒತ್ತಿದ್ದು ಅದಕ್ಕೇ ಇರಬೇಕು. ಇದಕ್ಕೂ ಎರಡನೆಯ ಆಧಾರವಿಲ್ಲ.

ಈ ಬರಹವನ್ನು ಇಲ್ಲಿಗೆ ನಿಲ್ಲಿಸಬೇಕೆಂದಿದ್ದೆ. ಆದರೆ ಈ ಮಾರ್ಚ್ ತಿಂಗಳ ಮೊದಲ ಭಾನುವಾರ ವೈಷ್ಣವಿ ಮನೆಗೆ ಬಂದಳು. ಈಗ ಕಾಲೇಜಿನಲ್ಲಿ ಓದುತ್ತಿದ್ದಾಳೆ, ಫೋನಿನಲ್ಲೇ ಹಾಡು ಕಟ್ಟುತ್ತಾಳೆ. ಅಮ್ಮ ಟ್ರಂಕಿನಲ್ಲಿ ಜೋಪಾನವಾಗಿಟ್ಟಿದ್ದ, ನಾನು ಅಚ್ಚು ಹಾಕಿಕೊಟ್ಟ ಹಳೆಯ ಹಾಳೆ ಅವಳ ಕೈಯಲ್ಲಿತ್ತು. ಅಜ್ಜಿಯ ರಾಗವನ್ನು ತನ್ನದೊಂದು ಹಾಡಿನೊಳಗೆ ಸೇರಿಸಿಕೊಳ್ಳುವ ಆಸೆ. ಕನ್ನಡ ಅರ್ಥವಾಗುತ್ತದೆ, ಆಡುವಾಗ ಹಿಂದಿ ಬಂದು ಕೈ ಹಿಡಿಯುತ್ತದೆ.

ಆಗಸ್ಟಿನಲ್ಲಿ ಜಾಗ ಬಿಡಿಸಿ ಉಳಿಸಿಕೊಂಡಿದ್ದ ಆ ಕಡತವನ್ನು ಅವಳ ಫೋನಿಗೆ ಕಳುಹಿಸಿದೆ. ಈಗಿನ ತಂತ್ರಾಂಶಗಳು ತಾವೇ ಕೇಳಿ ತಾವೇ ಸ್ವರ ಬರೆಯುತ್ತವೆ. ಗೀಟು ಕಾಗದದಲ್ಲಿ ನನಗೆ ಒಂದು ದಿನ ಹಿಡಿಯುತ್ತಿದ್ದದ್ದು ನಾನು ನೀರು ತಂದು ಕೊಡುವಷ್ಟರಲ್ಲಿ ಮುಗಿದಿತ್ತು. ಅವಳು ಪರದೆಯನ್ನು ನನ್ನತ್ತ ತಿರುಗಿಸಿದಳು. ಸಾಲುಗಳ ಕೊನೆಯಲ್ಲಿ ನಾಲ್ಕು ಕಡೆ ಹಳದಿ ಗುರುತು.

“ಆಂಟಿ, ದೇಖೋ ನಾ, ಇಲ್ಲಿ ಗ್ಯಾಪ್ ಬಂದಿದೆ. ಸೈಲೆನ್ಸ್ ಹೈ, ರಿಮೂವ್ ಮಾಡು ಅಂತ ಆ್ಯಪ್ ಹೇಳ್ತಿದೆ. ಮಾಡ್ಲಾ?”

ಬೇಡವೆಂದು ಅವಳ ಕೈ ಹಿಡಿದೆ. ಕೂರಿಸಿ, ರಿಜಿಸ್ಟರಿನ ಪುಟ ತೆರೆದು ಮುಂದಿಟ್ಟೆ. ಕನ್ನಡ ಅಕ್ಷರ ಅವಳಿಗೆ ಬಾರದ್ದರಿಂದ ನಾನೇ ಓದಿದೆ. ಕರವಸ್ತ್ರ, ಸೋಮವಾರ, ಶುಕ್ರವಾರ, ತೊಟ್ಟಿಲ ದಿನ ನಾನಾಡಿದ ಮಾತು, ಎಲ್ಲವನ್ನೂ ಹೇಳಿದೆ. ಅವಳು ಕೊನೆಯ ಪದದ ಕೆಳಗಿನ ಎರಡು ಗೆರೆಗಳ ಮೇಲೆ ಬೆರಳಾಡಿಸಿದಳು.

“ಅಜ್ಜಿಗೆ ಮಾಲೂಮ್ ಇತ್ತಾ? ನೀವೇ ಮಾಡಿದ್ದು ಅಂತ?”

“ಗೊತ್ತಿತ್ತು.”

“ಅಮ್ಮನಿಗೆ?”

“ನಿನ್ನ ಅಮ್ಮನಿಗೆ ನಾನೇ ಬಂದು ಹೇಳುತ್ತೇನೆ.”

ಅವಳು ತಲೆಯಾಡಿಸಿ, ಹಳದಿ ಗುರುತುಗಳನ್ನು ಹಾಗೆಯೇ ಬಿಟ್ಟು, ಹಾಡನ್ನು ಮೊದಲಿನಿಂದ ನುಡಿಸಿದಳು. ಕೊಳಲಿನಂಥ ಆ ಯಂತ್ರದ ದನಿ ಎದ್ದಿತು. ಮಾತುಗಳನ್ನು ನಾನು ತಗ್ಗಿದ ದನಿಯಲ್ಲಿ ಹೇಳುತ್ತ ಬಂದೆ: ನಳದಾಗ ನೀರ ಬಂತು, ನೀ ಏಳಬ್ಯಾಡ. ಜಾಗ ಬಂತು. ಅವಳು ತುಟಿ ತೆರೆದಳು, ನನ್ನನ್ನು ನೋಡಿದಳು, ನಾಚಿದಳು, ಕೊನೆಗೆ “ವೈಷ್ಣವಿ” ಎಂದಳು.

ತಡವಾಗಿತ್ತು. ನಾನು ಆರಿಸಿ ಕೊಟ್ಟಿದ್ದ ನಡುವಿನ ಅಳತೆ ಮುಗಿದು, ಹಾಡು ಮುಂದಿನ ಸಾಲಿಗೆ ಹೋಗಿಬಿಟ್ಟಿತ್ತು. ಗಂಗವ್ವನಾಗಿದ್ದರೆ ಕಾಯುತ್ತಿದ್ದರು.